ಎಣ್ಣೆಯ ಊರಿನಲ್ಲಿ ಎಷ್ಟೊಂದು ಮನೆಮಾತು!

ನಿಮ್ಮ ಅಡುಗೆಮನೆಯಲ್ಲಿ ಈಗ ಯಾವ ಎಣ್ಣೆ ಇದೆ? ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ. ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಇರಬಹುದು, ತಾಳೆ ಎಣ್ಣೆಯೂ ಇರಬಹುದು. ಕರಾವಳಿಯವರಾದರೆ ಜೊತೆಗೆ ತೆಂಗಿನೆಣ್ಣೆಯ ಬಾಟಲಿ. ಆದರೆ ನಲ್ವತ್ತು ವರ್ಷಗಳ ಹಿಂದೆ ಬಯಲುಸೀಮೆಯ ಮನೆಗಳಲ್ಲಿ ಎಣ್ಣೆ ಎಂದರೆ ಶೇಂಗಾ ಎಣ್ಣೆಯೇ. ತಗಡಿನ ದೊಡ್ಡ ಡಬ್ಬದಲ್ಲಿ ತಂದಿಟ್ಟರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಅಂಥ ಡಬ್ಬಗಳನ್ನು ಲಾರಿಗಟ್ಟಲೆ ತುಂಬಿ ಕಳುಹಿಸುತ್ತಿದ್ದ ಊರೊಂದಿದೆ. ಅದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಈ ಸಲ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಹಾಗೆಯೇ ಮುಂದೆ ರೇಷ್ಮೆ ಸೀರೆಯ ಮೊಳಕಾಲ್ಮೂರಿಗೂ ಹೋಗಿ ಬರೋಣ.

ನಾನು ಹೋದದ್ದು ಪ್ರವಾಸಕ್ಕೆಂದಲ್ಲ. ನನ್ನ ತಂಗಿಯ ಗಂಡನಿಗೆ ಚಳ್ಳಕೆರೆಗೆ ವರ್ಗವಾಗಿ ಕೆಲವು ವರ್ಷಗಳಾಗಿವೆ. ಅವರ ಮಗಳ ಮದುವೆ ನಿಶ್ಚಯವಾಗಿತ್ತು. "ಅಕ್ಕ, ನೀನು ಎರಡು ವಾರ ಮೊದಲೇ ಬಾ, ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೋಗಬೇಕು" ಎಂದು ತಂಗಿ ಫೋನ್ ಮಾಡಿದಳು. ಸೀರೆಯ ಹೆಸರು ಕೇಳಿ ಹೊರಟೆ ಎಂದರೆ ನೀವು ನಗಬಾರದು!

ಬೆಂಗಳೂರಿನಿಂದ ಚಳ್ಳಕೆರೆಗೆ ಸುಮಾರು 200 ಕಿಲೋಮೀಟರ್. ಹಿರಿಯೂರು ದಾಟಿ ಬಳ್ಳಾರಿಯ ಹೆದ್ದಾರಿಗೆ ತಿರುಗಿದ ಮೇಲೆ ನೋಟವೇ ಬದಲಾಗುತ್ತದೆ. ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಾತ್ರ. ನಮ್ಮ ಕರಾವಳಿಯಲ್ಲಿ ಅಷ್ಟು ಮಳೆ ಆಷಾಢದ ಒಂದೆರಡು ವಾರಗಳಲ್ಲೇ ಸುರಿದುಬಿಡುತ್ತದೆ. ಕೆಂಪು ಮಣ್ಣು, ಜಾಲಿ ಗಿಡ, ಬಂಡೆಗಳ ಗುಡ್ಡ, ರಸ್ತೆಯನ್ನು ಅಡ್ಡ ಹಾಯುವ ಕುರಿ ಹಿಂಡು. ನಾನು ಹೋದಾಗ ನವೆಂಬರ್ ತಿಂಗಳು. ಹೊಲಗಳಲ್ಲಿ ಕಿತ್ತ ಶೇಂಗಾ ಬಳ್ಳಿಯನ್ನು ಗುಡ್ಡೆ ಹಾಕಿ ಹೆಂಗಸರು ಸುತ್ತ ಕುಳಿತು ಕಾಯಿ ಬಿಡಿಸುತ್ತಿದ್ದರು.

ಎರಡನೇ ಮುಂಬೈ

ಚಳ್ಳಕೆರೆಯ ಯಾರನ್ನೇ ಕೇಳಿ, ಮೊದಲು ಹೇಳುವ ಮಾತು ಒಂದೇ: "ನಮ್ಮೂರನ್ನ ಎರಡನೇ ಬಾಂಬೆ ಅಂತಿದ್ರು." ಖಾದ್ಯ ತೈಲದ ವಹಿವಾಟಿನಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಂಬ ಹೆಮ್ಮೆ ಅದು. 'ಎಣ್ಣೆ ನಗರ' ಎಂಬ ಇನ್ನೊಂದು ಹೆಸರೂ ಇದೆ. ಊರ ಅಂಚಿನ ರಸ್ತೆಗಳಲ್ಲಿ ಸಾಲಾಗಿ ಮಿಲ್ಲುಗಳು, ಅವುಗಳ ಹೊಗೆಕೊಳವೆಗಳು, ಹೊತ್ತು ಹೊತ್ತಿಗೆ ಕೂಗುವ ಸೈರನ್.

ಶೇಂಗಾ ಈ ನೆಲದ ಮೂಲದ ಬೆಳೆಯಲ್ಲ. ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಕಾಳು ಅದು. ಆದರೆ ಕಡಿಮೆ ಮಳೆಯ ಈ ಕೆಂಪು ಮಣ್ಣು ಅದಕ್ಕೆ ಹಿಡಿಸಿತು. ರೈತರು ಬಂಡಿಯಲ್ಲಿ ಕಾಯಿ ತಂದು ಮಂಡಿಗೆ ಸುರಿಯುತ್ತಿದ್ದರು. ಮಿಲ್ಲಿನಲ್ಲಿ ಮೊದಲು ಸಿಪ್ಪೆ ಒಡೆಯುವ ಯಂತ್ರ. ಆಮೇಲೆ ಕಲ್ಲು, ಮಣ್ಣು, ಮುರುಟಿದ ಕಾಳು ಆರಿಸಿ ತೆಗೆಯುವ ಕೆಲಸ. ಅದು ಪೂರ್ತಿ ಹೆಂಗಸರದ್ದು. ಆರಿಸಿದ ಬೀಜವನ್ನು ಹಬೆಯಲ್ಲಿ ಬಿಸಿ ಮಾಡಿ ಎಕ್ಸ್‌ಪೆಲ್ಲರಿಗೆ ಹಾಕಿದರೆ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಹಿಂಡಿ. ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹಿಂಡಿ ದನಕರುಗಳಿಗೆ. ಸಿಪ್ಪೆಯ ಹೊಟ್ಟು ಬಾಯ್ಲರಿನ ಒಲೆಗೆ. ಯಾವುದೂ ವ್ಯರ್ಥವಾಗುವುದಿಲ್ಲ. ಮಿತವ್ಯಯದ ಗೃಹಿಣಿಯ ಅಡುಗೆಮನೆಯಂತೆ!

ಹಾಗಿದ್ದರೆ ಮಿಲ್ಲುಗಳು ಏಕೆ ನಿಂತವು? ಕಾರಣಗಳು ಹಲವು. ಮೇಲಿಂದ ಮೇಲೆ ಬರ ಬಂತು. ಬೆಳೆಗೆ ಎಲೆಚುಕ್ಕೆ ರೋಗ ತಗುಲಿತು. ಆದರೆ ದೊಡ್ಡ ಏಟು ಬಿದ್ದದ್ದು ಹೊರಗಿನಿಂದ. 1994ರಲ್ಲಿ ಸರಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿತು. ಆಗ ಶೇಕಡಾ 65 ಇದ್ದ ಆಮದು ಸುಂಕ 1998ರ ಹೊತ್ತಿಗೆ ಶೇಕಡಾ 15ಕ್ಕೆ ಇಳಿಯಿತು. ಮಲೇಷ್ಯಾ, ಇಂಡೋನೇಷ್ಯಾಗಳ ಅಗ್ಗದ ಎಣ್ಣೆ ಬಂದರಿಗೆ ಬಂದಿಳಿಯಿತು. ನಾವು ಗೃಹಿಣಿಯರು ಅಂಗಡಿಯಲ್ಲಿ ಬೆಲೆ ನೋಡಿ ಅದನ್ನೇ ಕೊಂಡೆವು. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ, ಸಂಸಾರ ತೂಗಿಸಬೇಕಲ್ಲ. ಆದರೆ ಆ ಉಳಿತಾಯದ ಇನ್ನೊಂದು ತುದಿ ಚಳ್ಳಕೆರೆಯಲ್ಲಿತ್ತು ಎಂದು ನನಗೆ ಅಲ್ಲಿಗೆ ಹೋಗುವ ತನಕ ಗೊತ್ತಿರಲಿಲ್ಲ. ಇಂದು ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದೇ.

ಚಳ್ಳಕೆರೆಯಲ್ಲಿ ಕೆಲವು ಮಿಲ್ಲುಗಳು ಈಗಲೂ ನಡೆಯುತ್ತಿವೆ. ಶೇಂಗಾ ವ್ಯಾಪಾರವೂ ನಿಂತಿಲ್ಲ. ಆದರೆ ಮುಚ್ಚಿದವುಗಳೇ ಹೆಚ್ಚು. ಕೆಲವು ಗೋದಾಮುಗಳಾಗಿವೆ, ಕೆಲವು ಜಾಗಗಳಲ್ಲಿ ಮನೆಗಳೆದ್ದಿವೆ, ಇನ್ನು ಕೆಲವದರ ಗೋಡೆಯ ಮೇಲೆ ಅರ್ಧ ಅಳಿಸಿದ ಹೆಸರು ಮಾತ್ರ ಇದೆ.

ಕಾಳು ಆರಿಸುತ್ತಿದ್ದ ಅಜ್ಜಿ

ತಂಗಿಯ ಮನೆಯ ಎದುರು ಮನೆಯಲ್ಲಿ ಒಬ್ಬರು ವೃದ್ಧೆ ಇದ್ದಾರೆ. ಮದುವೆ ಮನೆಯ ಅಕ್ಕಿ ಆರಿಸಲು ಕರೆಯದೆಯೇ ಬಂದು ಕುಳಿತರು. ಮೊರದಲ್ಲಿ ಅವರ ಬೆರಳು ಓಡುವ ವೇಗ ನೋಡಿ ನಾನು ಬೆರಗಾದೆ. "ಹದಿನೆಂಟು ವರ್ಷ ಮಿಲ್ಲಲ್ಲಿ ಕಾಳು ಆರಿಸೀನಮ್ಮ, ಕಣ್ಣು ಮುಚ್ಚಿದ್ರೂ ಬೆರಳಿಗೆ ಕಲ್ಲು ಗೊತ್ತಾಗ್ತೈತೆ" ಎಂದರು.

ಅವರು ಮಾತನಾಡಿದ್ದು ಕನ್ನಡದಲ್ಲಿ. ನಡುವೆ ಮೊಮ್ಮಗನನ್ನು ಗದರಿಸಿದ್ದು ತೆಲುಗಿನಲ್ಲಿ. ಅಸರ್ ಅಝಾನ್ ಕೇಳಿದಾಗ ಸೆರಗನ್ನು ತಲೆಗೆಳೆದುಕೊಂಡು ಎದ್ದು ಹೋದರು. ನನಗೆ ಆಶ್ಚರ್ಯವಾಯಿತು. ನಮಾಝ್ ಮುಗಿಸಿ ಮರಳಿ ಬಂದ ಮೇಲೆ, ಕೇಳಬಾರದಿತ್ತೇನೋ, ಆದರೂ ಕೇಳಿದೆ: "ಅಜ್ಜಿ, ನಿಮಗೆ ಉರ್ದು ಬರುವುದಿಲ್ಲವೇ?"

ಅವರು ಮೊರ ಕೆಳಗಿಟ್ಟು ನನ್ನನ್ನು ನೋಡಿದರು. "ನಾವು ಪಿಂಜಾರ್ರು ಕಣಮ್ಮ. ಹತ್ತಿ ಹಿಂಜೋರು. ನಮ್ಮ ಮನೇಲಿ ಉರ್ದು ಯಾವತ್ತೂ ಇಲ್ಲ. ಅದಕ್ಕೇ ನೋಡು, ಎಷ್ಟೋ ಜನ ನಮ್ಮನ್ನ ಹೊರಗಿನೋರ ತರ ನೋಡ್ತಾರೆ. ಅವರೂ ಅಷ್ಟೆ, ಇವರೂ ಅಷ್ಟೆ."

ಆ ಮಾತು ನನಗೆ ನೇರ ತಗುಲಿತು. ಓದುಗ ಸಹೋದರಿಯರೇ, ನಾನು ಬ್ಯಾರಿ. ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನೆರೆಮನೆಯ ಮಹಿಳೆಯೊಬ್ಬರು, "ಉರ್ದು ಬಾರದ ನೀವು ಎಂಥ ಮುಸ್ಲಿಮರು?" ಎಂದು ನಗುತ್ತ ಕೇಳಿದ್ದರು. ಅವರು ನಕ್ಕರು, ನಾನು ಒಳಗೆ ಹೋಗಿ ಅತ್ತೆ. ಅದೇ ಪ್ರಶ್ನೆಯನ್ನು ಈಗ ನಾನೇ ಇನ್ನೊಬ್ಬರಿಗೆ ಕೇಳಿದ್ದೆ! ಅಜ್ಜಿಯ ಕೈ ಹಿಡಿದು ಕ್ಷಮೆ ಕೇಳಿದೆ. ನನ್ನ ಮನೆಮಾತಿನ ಕಥೆಯನ್ನೂ ಹೇಳಿದೆ. "ಹಂಗಾರೆ ನೀನೂ ನಮ್ಮಂಗೇ ಅನ್ನು" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ಅಂದಿನಿಂದ ನಮ್ಮಿಬ್ಬರ ಸ್ನೇಹ.

ಪಿಂಜಾರರ ಬಗ್ಗೆ ನಿಮಗೆ ಎರಡು ಮಾತು ಹೇಳಬೇಕು. ನದಾಫ್ ಎಂದೂ ಇವರಿಗೆ ಹೆಸರಿದೆ. ಆಂಧ್ರದಲ್ಲಿ ಇವರನ್ನು ದೂದೇಕುಲ ಎನ್ನುತ್ತಾರೆ. ಬಿಲ್ಲಿನಂಥ ಸಾಧನವನ್ನು ಹೆಗಲಿಗೇರಿಸಿ ಊರೂರು ತಿರುಗಿ, ಹತ್ತಿ ಹಿಂಜಿ, ಹಾಸಿಗೆ ದಿಂಬು ಹೊಲಿದು ಕೊಡುವುದು ಅವರ ಕಸುಬಾಗಿತ್ತು. ಊರಿನವರೊಂದಿಗೆ ಬೆರೆತ ಬದುಕಾದ್ದರಿಂದ ಊರಿನ ಮಾತೇ ಅವರ ಮಾತಾಯಿತು. ಫೋಮ್ ಹಾಸಿಗೆ ಬಂದ ಮೇಲೆ ಆ ಕಸುಬು ಕರಗಿತು. ಕರ್ನಾಟಕದಲ್ಲಿ ಅವರನ್ನು ಹಿಂದುಳಿದವರ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ. ಬಡತನ ಎಷ್ಟೆಂಬುದಕ್ಕೆ ಅದೊಂದೇ ಗುರುತು ಸಾಕು. ಅಜ್ಜಿಯ ಮನೆಯವರು ಹತ್ತಿಯ ಬಿಲ್ಲು ಅಟ್ಟಕ್ಕೆ ಹಾಕಿ ಎಣ್ಣೆ ಮಿಲ್ಲಿಗೆ ಕೂಲಿಗೆ ಹೋದರು.

"ಮಿಲ್ಲಲ್ಲಿ ನಿಮ್ಮ ಜೊತೆ ಯಾರು ಯಾರಿದ್ದರು?" ಎಂದು ಕೇಳಿದೆ. ಅಜ್ಜಿ ಬೆರಳು ಮಡಚಿದರು. "ಈ ಪಕ್ಕ ಗೊಲ್ಲರಾಕೆ. ಆ ಪಕ್ಕ ನಾಯಕರಾಕೆ, ಅವಳದ್ದು ತೆಲುಗು. ಎದುರಿಗೆ ಮಾದಿಗರ ಹುಡುಗಿ. ಲಂಬಾಣಿ ತಾಂಡಾದಿಂದ ಇಬ್ಬರು. ಉರ್ದು ಮಾತಾಡೋ ಸಾಬ್ರ ಹೆಂಗಸರೂ ಇದ್ರು. ಮೂಟೆ ಹೊರೋರಲ್ಲಿ ಎಲ್ಲಾ ಜಾತಿಯೋರೂ ಇದ್ರು." ಮೇಲೆ ಮಂಡಿಯ ಗಲ್ಲಾದಲ್ಲಿ ಲಿಂಗಾಯತರು, ತೆಲುಗು ಮನೆಮಾತಿನ ಆರ್ಯವೈಶ್ಯರು. ಮಿಲ್ಲು ಬರುವ ಮೊದಲು ಎತ್ತಿನ ಗಾಣದಿಂದ ಎಣ್ಣೆ ತೆಗೆಯುತ್ತಿದ್ದ ಗಾಣಿಗರು ಕೂಡ ಅದೇ ಊರಲ್ಲಿ.

ಊಟದ ಹೊತ್ತಿಗೆ ಬುತ್ತಿಗಳು ಬಿಚ್ಚಿಕೊಳ್ಳುತ್ತಿದ್ದವು. ಎಲ್ಲರೂ ಎಲ್ಲರದ್ದನ್ನೂ ತಿನ್ನುತ್ತಿರಲಿಲ್ಲ, ಅದನ್ನು ಅಜ್ಜಿ ಮುಚ್ಚಿಡಲಿಲ್ಲ. ಮಾದಿಗರ ಹುಡುಗಿ ಸ್ವಲ್ಪ ದೂರವೇ ಕೂರುತ್ತಿದ್ದಳಂತೆ. "ಆದ್ರೆ ಮಿಲ್ಲಲ್ಲಿ ಮಾತು ಕಲಿತ್ವಿ. ಅವಳಿಂದ ನಾನು ತೆಲುಗಿನ ಹಾಡು ಕಲಿತೆ, ನನ್ನಿಂದ ಅವಳು ಖೀರು ಮಾಡಾದು ಕಲಿತಳು. ಯಾರ ಮನೇಲಿ ಹೆರಿಗೆ, ಯಾರ ಗಂಡ ಕುಡೀತಾನೆ, ಎಲ್ಲಾ ಎಲ್ಲರಿಗೂ ಗೊತ್ತಿತ್ತು." ಮಿಲ್ಲು ಮುಚ್ಚಿದ ಮೇಲೆ? "ಎಲ್ಲಾ ಅವರವರ ಕೇರಿಗೆ ಹೋದ್ರು. ಅದೇ ಊರಲ್ಲಿ ಐದೀವಿ, ವರ್ಷಕ್ಕೊಂದು ಸಲ ಮುಖ ನೋಡಿದ್ರೆ ಹೆಚ್ಚು."

ಮಿಲ್ಲು ಮುಚ್ಚಿದಾಗ ಕೂಲಿ ಹೋಯಿತು ಎಂದು ನಾನು ಅಂದುಕೊಂಡಿದ್ದೆ. ಒಟ್ಟಿಗೆ ಕೂರುವ ಜಾಗವೂ ಹೋಯಿತು ಎಂಬುದು ಅಜ್ಜಿಯಿಂದ ತಿಳಿಯಿತು.

ಹಟ್ಟಿ, ಕುರಿ, ಕಂಬಳಿ

ಚಳ್ಳಕೆರೆಯಲ್ಲಿ ಇಷ್ಟೊಂದು ಜನ ಹೇಗೆ ಸೇರಿದರು ಎಂದು ತಿಳಿಯಲು ಊರಿನ ಸುತ್ತಲ ಹಳ್ಳಿಗಳನ್ನು ನೋಡಬೇಕು. ಈ ಸೀಮೆಯ ದೊಡ್ಡ ಸಮುದಾಯ ನಾಯಕರದ್ದು. 2008ರಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ ಎಂದರೆ ನಿಮಗೆ ಅಂದಾಜಾಗುತ್ತದೆ. ಅವರಲ್ಲಿ ಮ್ಯಾಸ ನಾಯಕರು ಎಂಬವರಿದ್ದಾರೆ. ಹಲವರ ಮನೆಮಾತು ತೆಲುಗು. ಅವರ ಹಟ್ಟಿಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದೂ ಇಲ್ಲ. ಹೆಂಡದ ಮೂಲವೆಂದು ಈಚಲು ಮರವನ್ನೇ ದೂರವಿಡುವುದು ಅವರ ಹಿರಿಯರ ಕಟ್ಟಳೆ. 'ದೇವರ ಎತ್ತು'ಗಳೆಂದು ಹಿಂಡುಗಟ್ಟಲೆ ದನಗಳನ್ನು ಅವರು ಸಾಕುತ್ತಾರೆ. ಅವುಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಅವುಗಳನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು.

ಕಾಡುಗೊಲ್ಲರ ಹಟ್ಟಿಗಳು ಬೇರೆ. ಅವರ ಮಾತು ಕನ್ನಡ. ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ನಾಡೋಜ ಸಿರಿಯಜ್ಜಿ ಇದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಡುವ ರೂಢಿ ಬಹುಕಾಲ ನಡೆದು ಬಂತು. ಇನ್ನೂ ಪೂರ್ತಿ ಅಳಿದಿಲ್ಲ. ಹಾಡಿನ ಸಂಪತ್ತಿಗೆ ಹಿಗ್ಗುವಾಗ ಈ ನೋವನ್ನೂ ಮರೆಯಬಾರದು. ಆ ರೂಢಿಯ ವಿರುದ್ಧ ಮೊದಲು ದನಿ ಎತ್ತಬೇಕಾದವರು ಹೆಣ್ಣುಮಕ್ಕಳೇ, ಎತ್ತುತ್ತಲೂ ಇದ್ದಾರೆ.

ಇನ್ನು ಕುರುಬರು. ಚಳ್ಳಕೆರೆಯ ಕಂಬಳಿ ನಿಮಗೆ ಗೊತ್ತಿರಬಹುದು. ಕರಿಯ ಕುರಿಯ ಉಣ್ಣೆ ಕತ್ತರಿಸಿ, ಹೆಂಗಸರು ನೂಲು ತೆಗೆದು, ಗಂಡಸರು ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದರೆ ಕಂಬಳಿ ಬಿರುಸಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕೂಲಿಯವರು ಗೊರಬಿನಂತೆ ಹೊದೆಯುತ್ತಿದ್ದ ಕಂಬಳಿಯೂ ಇಂಥದ್ದೇ. ನಾನು ಒಂದನ್ನು ಕೊಂಡೆ. ಮಾರಿದಾಕೆ ಬೆಲೆ ಹೇಳುವ ಮೊದಲು ಕಂಬಳಿಯ ಮೇಲೆ ನೀರು ಚಿಮುಕಿಸಿ ತೋರಿಸಿದಳು. ಹನಿ ಒಳಗೆ ಇಳಿಯದೆ ಮುತ್ತಿನಂತೆ ಉರುಳಿತು.

ನೋಡಿದಿರಾ, ಒಂದೊಂದು ಜನಕ್ಕೂ ಒಂದೊಂದು ಕಸುಬು. ದನ ಸಾಕುವವರು, ಕುರಿ ಸಾಕುವವರು, ಹತ್ತಿ ಹಿಂಜುವವರು, ಗಾಣ ತಿರುಗಿಸುವವರು. ಬರ ಬಂದಾಗ, ಕಸುಬು ಸೊರಗಿದಾಗ ಅವರೆಲ್ಲ ಕೂಲಿ ಹುಡುಕಿ ಬಂದದ್ದು ಎಣ್ಣೆ ಮಿಲ್ಲಿಗೆ. ಹಾಗೆ ಕಟ್ಟಿದ ಊರು ಇದು.

ಕಾವಲಿನ ಗೋಡೆ

ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ನಾನು, ತಂಗಿ, ಮದುಮಗಳು, ಜೊತೆಗೆ ಹಟ ಹಿಡಿದು ಕರೆದೊಯ್ದ ಅಜ್ಜಿ. ನೇರ ಹೆದ್ದಾರಿ ಬಿಟ್ಟು ನಾಯಕನಹಟ್ಟಿಯ ಮೇಲೆ ಹೋದೆವು. ಇದು ತಿಪ್ಪೇರುದ್ರಸ್ವಾಮಿಯ ಊರು. ಐದು ಕೆರೆಗಳನ್ನು ಕಟ್ಟಿಸಿದವರೆಂದು ಜನ ಇಂದಿಗೂ ನೆನೆಯುವ ಸಂತ. ನೀರಿಲ್ಲದ ನಾಡಿನಲ್ಲಿ ಕೆರೆ ಕಟ್ಟಿಸಿದವರನ್ನು ಮರೆಯಲು ಸಾಧ್ಯವೇ?

ದಾರಿಯಲ್ಲಿ ಕುದಾಪುರದ ಬಳಿ ಉದ್ದನೆಯ ಗೋಡೆಯೊಂದು ನಮ್ಮ ಜೊತೆಗೇ ಓಡತೊಡಗಿತು. ಅದು ಮುಗಿಯುವಂತೆಯೇ ಕಾಣಲಿಲ್ಲ. ಅದರೊಳಗಿನದ್ದು ಹೊಸ ಚಳ್ಳಕೆರೆ, 'ವಿಜ್ಞಾನ ನಗರಿ'. ಮೈಸೂರಿನ ಅರಸರು ಕಟ್ಟಿದ, ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಟ್ಟ ದನದ ತಳಿಯ ಮೇವಿಗಾಗಿ ಮೀಸಲಿದ್ದ ಹುಲ್ಲುಗಾವಲು ಇದು. ಅಮೃತ ಮಹಲ್ ಕಾವಲು ಎನ್ನುತ್ತಾರೆ. ಈ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಕೊಡಲಾಯಿತು. 2017ರಲ್ಲಿ ಇಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ರೆಕ್ಕೆ ವಾಹನ ತಾನಾಗಿಯೇ ಬಂದು ಇಳಿದದ್ದು ಇದೇ ನೆಲದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿಯನ್ನೂ ಕೊಡುತ್ತದೆ.

ಹೆಮ್ಮೆಯ ವಿಷಯವೇ. ಆದರೆ ಈ ಹುಲ್ಲುಗಾವಲನ್ನು ನಂಬಿದ್ದ ಕುರಿಗಾಹಿಗಳು, ದನಗಾಹಿಗಳು, ಉಣ್ಣೆ ನೂಲುವ ಹೆಂಗಸರು ಗೋಡೆಯ ಹೊರಗೆ ಉಳಿದರು. ಪ್ರತಿಭಟನೆಗಳು ನಡೆದವು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆ ಉಳಿಯಿತು. ಅಜ್ಜಿ ಕಿಟಕಿಯಿಂದ ನೋಡುತ್ತ, "ಮಿಲ್ಲಿಗೆ ಗೇಟಿತ್ತು, ಸೈರನ್ ಕೂಗಿದ್ರೆ ನಮ್ಮನ್ನ ಒಳಗೆ ಕರೀತಿತ್ತು. ಇದಕ್ಕೆ ನಮ್ಮಂಥೋರು ಹೋಗೋ ಗೇಟು ಎಲ್ಲೈತಮ್ಮ?" ಎಂದರು. ನನ್ನ ತಂಗಿಯ ಮಗಳು ಭೌತಶಾಸ್ತ್ರ ಓದಿದವಳು. "ಓದಿದರೆ ಹೋಗಬಹುದು ಅಜ್ಜಿ, ನಿಮ್ಮ ಮೊಮ್ಮಗಳನ್ನು ಓದಿಸಿ" ಎಂದಳು. ಅಜ್ಜಿ ಉತ್ತರಿಸಲಿಲ್ಲ. ಆದರೆ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡರು ಎಂದು ಆಮೇಲೆ ತಿಳಿಯಿತು.

ಮೊಳಕಾಲ್ಮೂರಿನ ಮಗ್ಗಗಳು

ಮುಂದೆ ತಳುಕು ಸಿಗುತ್ತದೆ. ಕನ್ನಡದ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರ ಊರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೇ. ಅಲ್ಲಿಂದ ಮತ್ತೆ ಬಳ್ಳಾರಿ ಹೆದ್ದಾರಿ ಹಿಡಿದು, ಹಾನಗಲ್ ಬಳಿ ಹೆದ್ದಾರಿ ಬಿಟ್ಟು ಹೊರಳಿದರೆ ಬಂಡೆಗುಡ್ಡಗಳ ಮಡಿಲಲ್ಲಿ ಮೊಳಕಾಲ್ಮೂರು. ಆಂಧ್ರದ ರಾಯದುರ್ಗ ಇಲ್ಲಿಗೆ ತೀರ ಹತ್ತಿರ. ಅಂಗಡಿಯ ಫಲಕ ಕನ್ನಡದಲ್ಲಿ, ಒಳಗಿನ ಮಾತು ತೆಲುಗಿನಲ್ಲಿ.

ಓಣಿಯೊಳಗೆ ನಡೆದರೆ ಮನೆಮನೆಯಿಂದ ಲಟಪಟ ಸದ್ದು. ಗುಂಡಿಯೊಳಗೆ ಕಾಲಿಳಿಸಿ ಕುಳಿತ ನೇಕಾರ, ಪಕ್ಕದಲ್ಲಿ ರಾಟೆಯ ಮುಂದೆ ನೂಲು ಸುತ್ತುವ ಹೆಂಡತಿ. ಮೊಳಕಾಲ್ಮೂರು ಸೀರೆಯ ಗುಟ್ಟು ಅದರ ಅಂಚಿನಲ್ಲಿದೆ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು ಲಾಳಿ, ಹೀಗೆ ಮೂರು ಲಾಳಿ ಓಡಬೇಕು. ಒಂದೊಂದು ಎಳೆಗೂ ಅಂಚಿನ ನೂಲು ಒಡಲಿನ ನೂಲನ್ನು ಕೊಂಡಿಯಂತೆ ಹಿಡಿದುಕೊಳ್ಳುತ್ತದೆ. ಬಣ್ಣ ಬೇರೆಯಾದರೂ ಬಟ್ಟೆ ಒಂದೇ. ಎಳೆದರೆ ಬಿಡುವುದಿಲ್ಲ. ಒಡಲಿನ ತುಂಬ ಹೂವು, ಹಣ್ಣು, ಹಕ್ಕಿಗಳ ಬುಟ್ಟಗಳು. ಈ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಎಂದರೆ ಬೇರೆ ಊರಲ್ಲಿ ನೇಯ್ದ ಸೀರೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ನೇಕಾರರೂ ಒಂದೇ ಜನವಲ್ಲ. ಈ ಸೀಮೆಯ ನೇಕಾರರಲ್ಲಿ ದೇವಾಂಗರಿದ್ದಾರೆ, ತೆಲುಗು ಮಾತನಾಡುವ ಪದ್ಮಶಾಲಿಗಳಿದ್ದಾರೆ, ಮನೆಯಲ್ಲಿ ಮರಾಠಿ ಬೆರೆತ ಮಾತಾಡುವ ಸ್ವಕುಳಸಾಳಿಗಳಿದ್ದಾರೆ. ನಾವು ಹೋದ ಮನೆಯ ತಾಯಿ ಸೀರೆ ತೋರಿಸುತ್ತಲೇ ತನ್ನ ದುಃಖ ಹೇಳಿಕೊಂಡರು. ವಿದ್ಯುತ್ ಮಗ್ಗದ ಸೀರೆ ಅರ್ಧ ಬೆಲೆಗೆ ಸಿಗುತ್ತದೆ. ಮಗ ಮಗ್ಗ ಬಿಟ್ಟು ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೋಗಿದ್ದಾನೆ. "ನಾನು ಹೋದ ಮೇಲೆ ಈ ಗುಂಡಿ ಮುಚ್ಚಿ ಟೈಲ್ಸ್ ಹಾಕ್ತಾರೆ" ಎಂದರು. ಚಳ್ಳಕೆರೆಯ ಮಿಲ್ಲಿನ ಕಥೆಯೇ ಇಲ್ಲಿ ನಿಧಾನವಾಗಿ ನಡೆಯುತ್ತಿದೆ ಎನಿಸಿತು.

ನೀವು ಹೋದರೆ ಎರಡು ವಿಷಯ ನೆನಪಿಡಿ. ಸಿಲ್ಕ್ ಮಾರ್ಕ್, ಕೈಮಗ್ಗದ ಗುರುತಿನ ಚೀಟಿ ಇದೆಯೇ ನೋಡಿ. ಅನುಮಾನವಿದ್ದರೆ ಸೆರಗಿನ ತುದಿಯ ಒಂದು ಎಳೆ ಕೇಳಿ ತೆಗೆದು ಸುಟ್ಟು ನೋಡಿ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ತಿಕ್ಕಿದರೆ ಬೂದಿ ಪುಡಿಯಾಗುತ್ತದೆ. ಇನ್ನು ಚೌಕಾಸಿ ಮಾಡುವಾಗ ಒಂದು ಸೀರೆಯ ಹಿಂದೆ ಎಷ್ಟು ದಿನ, ಎಷ್ಟು ಕೈ ದುಡಿದಿವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮದುಮಗಳು ಕಡು ಹಸಿರು ಒಡಲಿನ, ಕೆಂಪು ಅಂಚಿನ ಸೀರೆ ಆರಿಸಿದಳು.

ಬಂಡೆಯ ಮೇಲಿನ ಸಹಿ

ಸೀರೆಯ ಕೆಲಸ ಮುಗಿದರೂ ಇನ್ನೂ ಹೊತ್ತಿತ್ತು. ಹಾಗಾಗಿ ಇದೇ ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಲ್ಲಿ ಸಮ್ರಾಟ ಅಶೋಕನ ಶಾಸನವಿದೆ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲೂ ಇದೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ಬರಹದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ತಂದೆತಾಯಿಯ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯ ನುಡಿಯಿರಿ, ಜೀವಿಗಳ ಮೇಲೆ ದಯೆಯಿರಲಿ ಎಂಬುದು ಅದರ ಸಾರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಶಾಸನ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನ ಹೆಸರು ಚಪಡ. ಅವನು ಕೊನೆಯಲ್ಲಿ ತನ್ನ ಕಸುಬನ್ನು ಸೂಚಿಸುವ 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ಬಳಕೆಯಲ್ಲಿದ್ದ ಲಿಪಿ. ಅರಬಿಯಂತೆ, ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವಂಥದ್ದು! ಸಾವಿರಾರು ಮೈಲಿ ದೂರದ ಸೀಮೆಯ ಅಕ್ಷರ ಕಲಿತಿದ್ದವನೊಬ್ಬ ಈ ಬಂಡೆಯ ಮುಂದೆ ಕುಳಿತು, ಇಲ್ಲಿನವರಿಗಾಗಿ ಇಲ್ಲಿ ನಡೆಯುವ ಲಿಪಿಯಲ್ಲಿ ಬರೆದು, ಕೊನೆಗೊಂದು ಮಾತನ್ನು ಆ ಲಿಪಿಯಲ್ಲಿ ಬಿಟ್ಟು ಹೋದ. ಈ ಸೀಮೆಯಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು? ಆ ಬಂಡೆಯ ಮುಂದೆ ನಿಂತಾಗ ಈ ಪ್ರಶ್ನೆಯೇ ಸಣ್ಣದಾಗಿ ಕಂಡಿತು.

ಇದನ್ನು ಅಜ್ಜಿಗೆ ವಿವರಿಸಿದೆ. "ನೋಡು, ಅವನಿಗೂ ಎರಡು ಮಾತು" ಎಂದರು ಅಷ್ಟೆ.

ಮತ್ತೆ ಒಟ್ಟಿಗೆ

ಮದುವೆಯ ಹಿಂದಿನ ದಿನ ಅಜ್ಜಿ ನನ್ನನ್ನು ಒಂದು ಕಡೆ ಕರೆದರು. "ನನ್ನ ಮಿಲ್ಲಿನ ಗೆಳತೇರನ್ನ ಊಟಕ್ಕೆ ಕರೀಲಾ? ನಿಮ್ಮ ತಂಗೀಗೆ ಬ್ಯಾಸರ ಆಗ್ತೈತಾ?" ಎಂದು ಸಂಕೋಚದಿಂದ ಕೇಳಿದರು. ತಂಗಿ ತಕ್ಷಣ ಒಪ್ಪಿದಳು. ಅಡುಗೆಯಲ್ಲಿ ಸಸ್ಯಾಹಾರಕ್ಕೆ ಬೇರೆ ಒಲೆ ಹೂಡಿಸಿದಳು. ಎಷ್ಟು ಜನ ಬರುತ್ತಾರೋ ಎಂಬ ಅನುಮಾನ ನಮಗೆ ಇತ್ತು.

ಐವರು ಬಂದರು. ಒಬ್ಬರು ನಾಯಕರ ಹಟ್ಟಿಯಿಂದ, ಇಬ್ಬರು ಗೊಲ್ಲರಹಟ್ಟಿಯಿಂದ, ಒಬ್ಬರು ಉರ್ದು ಮಾತನಾಡುವ ಚಾಚಿ. ಐದನೆಯವರು ಅಂದು ದೂರ ಕೂರುತ್ತಿದ್ದ ಮಾದಿಗರ ಹುಡುಗಿ. ಈಗ ಅವರಿಗೂ ಮೊಮ್ಮಕ್ಕಳು. ಅಜ್ಜಿ ಅವರ ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡರು. ನಾಯಕರ ಅಜ್ಜಿ ಕೋಳಿಯ ತಟ್ಟೆಯನ್ನು ನಗುತ್ತ ಆಚೆ ಸರಿಸಿದರು. ಊಟವಾದ ಮೇಲೆ ಒಬ್ಬರು ಕಿಸೆಯಿಂದ ಹುರಿದ ಶೇಂಗಾ ತೆಗೆದು ನೆಲದ ಮ್ಯಾಟಿನ ಮೇಲೆ ಸುರಿದರು. ಆರು ಜನರ ಬೆರಳೂ ತಾವಾಗಿಯೇ ಕಾಳು ಆರಿಸತೊಡಗಿದವು. ಮೂರು ಭಾಷೆಗಳಲ್ಲಿ ಮಾತು, ಒಂದೇ ನಗು.

ನಾವು ಪರಸ್ಪರ ಅರಿಯಲೆಂದೇ ಬೇರೆ ಬೇರೆ ಜನಾಂಗಗಳಾಗಿದ್ದೇವೆ ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಅರಿಯುವುದಕ್ಕೆ ಜಾಗ ಬೇಕಲ್ಲ? ಮಿಲ್ಲುಗಳು ಆ ಜಾಗವನ್ನು ಅರಿವಿಲ್ಲದೆಯೇ ಕೊಟ್ಟಿದ್ದವು. ಅವು ಹೋದ ಮೇಲೆ ಆ ಜಾಗವನ್ನು ನಾವೇ ಮಾಡಿಕೊಡಬೇಕು. ನಮ್ಮ ಜಗಲಿಯಲ್ಲಿ, ನಮ್ಮ ಮದುವೆಯ ಚಪ್ಪರದಲ್ಲಿ, ನಮ್ಮ ಮಕ್ಕಳು ಓದುವ ಶಾಲೆಯಲ್ಲಿ. ನಿಮ್ಮ ಬೀದಿಯಲ್ಲೂ ಬೇರೆ ಮನೆಮಾತಿನ ಒಬ್ಬರು ಅಜ್ಜಿ ಇರಬಹುದು. "ನಿಮಗೆ ನಮ್ಮ ಭಾಷೆ ಬರುವುದಿಲ್ಲವೇ?" ಎಂದು ನನ್ನಂತೆ ಕೇಳಬೇಡಿ. ಅವರ ಭಾಷೆಯ ಎರಡು ಮಾತನ್ನು ನಿಮಗೆ ಕಲಿಸಿಕೊಡಲು ಕೇಳಿ.

ಹೊರಡುವಾಗ ಅಜ್ಜಿ ಒಂದು ಸಣ್ಣ ಡಬ್ಬದಲ್ಲಿ ಶೇಂಗಾ ಎಣ್ಣೆ ತುಂಬಿ ಕೊಟ್ಟರು. ಇನ್ನೂ ನಡೆಯುತ್ತಿರುವ ಮಿಲ್ಲೊಂದರಿಂದ ಕೇಳಿ ತಂದದ್ದು. ಬೆಂಗಳೂರಿಗೆ ಬಂದು ಅದರಲ್ಲಿ ಮೀನು ಕರಿದೆ. ಮನೆಯೆಲ್ಲ ಘಮಘಮ. ಹೋದ ವಾರ ತಂಗಿ ಫೋನ್ ಮಾಡಿದಳು. ಅಜ್ಜಿಯ ಮೊಮ್ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳಂತೆ. ಗೋಡೆಗೆ ಗೇಟು ಎಲ್ಲಿದೆ ಎಂದು ಅವಳೇ ಹುಡುಕಲಿ.